ನಾಲ್ಕು ಗಿರಿಗಳ ನಡುವಣ ನಾಡು

ಅಮೆರಿಕದಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಕನ್ನಡ ಕೂಟದ ಮಕ್ಕಳಲ್ಲಿ ಅನೇಕರು ಬೇಸಗೆಯ ರಜೆಯಲ್ಲಿ ತಂದೆತಾಯಿಗಳೊಡನೆ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯನ್ನು ಕಂಡು, ಅಲ್ಲಿಂದ ಪೂರ್ವಾಭಿಮುಖವಾಗಿ ಮಾನ್ಯುಮೆಂಟ್ ವ್ಯಾಲಿಯ ಕೆಂಬಂಡೆಗಳ ಕಡೆಗೆ ಪ್ರಯಾಣ ಮಾಡುವುದುಂಟು. ದಾರಿಯ ಇಕ್ಕೆಲಗಳಲ್ಲಿ ಕುರುಚಲು ಗಿಡಗಳೂ, ಅಲ್ಲೊಂದು ಇಲ್ಲೊಂದು ಒಂಟಿಮನೆಯೂ, ಕುರಿದೊಡ್ಡಿಯೂ ಕಂಡು ಮರೆಯಾಗುವ ಆ ವಿಶಾಲವಾದ ಬಯಲು ನವಾಹೋ ಜನಾಂಗದ ಸ್ವಂತ ನಾಡು. ಅರಿಜೋನ, ನ್ಯೂ ಮೆಕ್ಸಿಕೊ, ಯೂಟಾ ಎಂಬ ಮೂರು ಸಂಸ್ಥಾನಗಳಲ್ಲಿ ಹರಡಿಕೊಂಡು ಸುಮಾರು 27,000 ಚದರ ಮೈಲಿಗಳಷ್ಟು, ಎಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿಗಿಂತಲೂ ಹಿರಿದಾದ ಈ ಭೂಭಾಗಕ್ಕೆ ತನ್ನದೇ ಆದ ಅಧ್ಯಕ್ಷರೂ, ಶಾಸನಸಭೆಯೂ, ನ್ಯಾಯಾಲಯಗಳೂ, ವಿಂಡೋ ರಾಕ್ ಎಂಬ ರಾಜಧಾನಿಯೂ ಇವೆ. ನೆಲವನ್ನು ಕಳೆದುಕೊಂಡ ಮೂಲನಿವಾಸಿಗಳ ಕಥೆ ಅಮೆರಿಕದ ಚರಿತ್ರೆಯಲ್ಲಿ ಪುಟಪುಟಕ್ಕೂ ಸಿಕ್ಕುತ್ತದೆ; ಕಳೆದುಕೊಂಡ ನೆಲವನ್ನೇ ಕೇಳಿ ಪಡೆದು ಹಿಂದಿರುಗಿದವರ ಕಥೆ ಅತಿ ವಿರಳ. ನವಾಹೋ ಜನರದು ಆ ವಿರಳವಾದ ಕಥೆ.

ಈ ಜನ ತಮ್ಮನ್ನು ದಿನೆ ಎಂದು ಕರೆದುಕೊಳ್ಳುತ್ತಾರೆ. ಇವರ ಭಾಷೆಯ ಅನೇಕ ಸೋದರಭಾಷೆಗಳು ದೂರದ ಕೆನಡ ಮತ್ತು ಅಲಾಸ್ಕಗಳಲ್ಲಿ ಇರುವುದರಿಂದ, ಸ್ಪೇನಿನವರು ಬರುವುದಕ್ಕೆ ಮುಂಚೆಯೇ ಇವರ ಪೂರ್ವಿಕರು ಉತ್ತರದಿಂದ ಇಳಿದುಬಂದಿರಬೇಕೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಅವರ ಹಿರಿಯರು ಹೇಳುವ ವೃತ್ತಾಂತ ಬೇರೆ: ಕೆಳಗಿನ ಲೋಕಗಳನ್ನು ಒಂದೊಂದಾಗಿ ದಾಟಿ ಈ ಲೋಕಕ್ಕೆ ಏರಿಬಂದ ಮೇಲೆ, ತಮ್ಮ ನಾಡಿಗೆ ಎಲ್ಲೆಯಾಗಿ ನಾಲ್ಕು ದಿಕ್ಕುಗಳಲ್ಲಿ ನಾಲ್ಕು ಪವಿತ್ರ ಗಿರಿಗಳು ಸ್ಥಾಪಿತವಾದುವೆಂದೂ, ಮೂಡಲಿನ ಬ್ಲಾಂಕಾ ಶಿಖರವನ್ನು ಮಿಂಚಿನಿಂದಲೂ, ತೆಂಕಣ ಟೇಲರ್ ಪರ್ವತವನ್ನು ಕಲ್ಲಿನ ಚೂರಿಯಿಂದಲೂ, ಪಡುವಲಿನ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳನ್ನು ಸೂರ್ಯಕಿರಣದಿಂದಲೂ, ಬಡಗಣ ಹೆಸ್ಪರಸ್ ಪರ್ವತವನ್ನು ಮಳೆಬಿಲ್ಲಿನಿಂದಲೂ ನೆಲಕ್ಕೆ ಕೀಲಿಸಿದರೆಂದೂ ಆ ವೃತ್ತಾಂತ ಹೇಳುತ್ತದೆ. ಮೂಡಲಿಗೆ ಬಿಳಿ, ತೆಂಕಣಕ್ಕೆ ನೀಲಿ, ಪಡುವಲಿಗೆ ಹಳದಿ, ಬಡಗಣಕ್ಕೆ ಕಪ್ಪು ಎಂದು ದಿಕ್ಕಿಗೊಂದು ಬಣ್ಣವೂ ಉಂಟು. ಈ ನಾಲ್ಕು ಗಿರಿಗಳೊಳಗೆ ಬಾಳಬೇಕೆಂಬುದು ದೇವತೆಗಳ ಆಜ್ಞೆ ಎಂಬ ನಂಬಿಕೆಯನ್ನು ಮಕ್ಕಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು; ಮುಂದೆ ಹೇಳಲಿರುವುದಕ್ಕೆಲ್ಲ ಇದೇ ಬುಡ.

ಅವರ ಸಾಂಪ್ರದಾಯಿಕ ಮನೆಯ ಹೆಸರು ಹೋಗನ್. ಮರದ ದಿಮ್ಮಿಗಳನ್ನು ದುಂಡಗೆ, ಇಲ್ಲವೆ ಆರೆಂಟು ಮೂಲೆಗಳಾಗಿ ಜೋಡಿಸಿ, ಮೇಲೆ ಮಣ್ಣು ಮೆತ್ತಿ, ನಡುವೆ ಒಲೆಯನ್ನೂ ಅದರ ನೇರಕ್ಕೆ ಮಾಡಿನಲ್ಲಿ ಹೊಗೆಗಂಡಿಯನ್ನೂ ಇರಿಸಿ ಕಟ್ಟಿದ ಈ ಒಂದೇ ಕೋಣೆಯ ಮನೆಗೆ ಬಾಗಿಲು ಯಾವಾಗಲೂ ಪೂರ್ವಕ್ಕೇ ಇರಬೇಕು. ಒಳಗೆ ಬಂದವರು ತೆಂಕಣ ಮಗ್ಗುಲಿನಿಂದ ಪಡುವಲಿಗೂ ಅಲ್ಲಿಂದ ಬಡಗಣಕ್ಕೂ, ಸೂರ್ಯನ ಗತಿಯನ್ನು ಅನುಸರಿಸಿಯೇ ನಡೆಯುತ್ತಾರೆ. ನಸುಕಿನಲ್ಲಿ ಎದ್ದು ಹೊರಗೆ ಬಂದು, ಚರ್ಮದ ಪುಟ್ಟ ಚೀಲದಿಂದ ಮೆಕ್ಕೆಜೋಳದ ಪರಾಗವನ್ನು ಚಿಟಿಕೆಯಷ್ಟು ತೆಗೆದು ಉದಯದಿಕ್ಕಿಗೆ ಅರ್ಪಿಸಿ ಪ್ರಾರ್ಥಿಸುವ ಹಿರಿಯರು ಇಂದಿಗೂ ಇದ್ದಾರೆ. ಮನುಷ್ಯ, ನೆಲ, ಪ್ರಾಣಿ, ದೇವತೆ ಇವೆಲ್ಲವೂ ಒಂದಕ್ಕೊಂದು ಹೊಂದಿಕೊಂಡು ಸುಂದರವಾಗಿರುವ ಸ್ಥಿತಿಯೇ ಅವರ ಪ್ರಾರ್ಥನೆಗಳಲ್ಲಿ ಮತ್ತೆ ಮತ್ತೆ ಬೇಡುವ ವರ. ರೋಗ ಬಂದರೆ ಆ ಹೊಂದಿಕೆ ಕೆಟ್ಟಿದೆ ಎಂದು ತಿಳಿದು, ನೆಲದ ಮೇಲೆ ಬಣ್ಣದ ಮರಳಿನಿಂದ ದೇವತೆಗಳ ಚಿತ್ರ ಬರೆದು, ರೋಗಿಯನ್ನು ಅದರ ಮೇಲೆ ಕುಳ್ಳಿರಿಸಿ, ರಾತ್ರಿಗಟ್ಟಲೆ ಹಾಡಿ, ಕೊನೆಗೆ ಆ ಚಿತ್ರವನ್ನು ಅಳಿಸಿಬಿಡುತ್ತಾರೆ.

ಕುಲ ತಾಯಿಯಿಂದ ಬರುತ್ತದೆ. ನಮ್ಮ ತುಳುನಾಡಿನ ಅಳಿಯಕಟ್ಟಿನ ಮನೆತನಗಳಲ್ಲಿ ಮಕ್ಕಳು ತಾಯಿಯ ಬಳಿಗೆ ಸೇರುವಂತೆಯೇ ಇಲ್ಲಿಯೂ ಮಗು ತಾಯಿಯ ಕುಲಕ್ಕೆ ಸೇರುವುದು. ತಂದೆಯ ಕುಲಕ್ಕೂ ಮರ್ಯಾದೆಯುಂಟು, ಈ ಎರಡರೊಳಗೂ ವಿವಾಹಸಂಬಂಧ ನಿಷಿದ್ಧ. ಅರುವತ್ತಕ್ಕೂ ಮೇಲ್ಪಟ್ಟ ಕುಲಗಳಿವೆ. ಹೊಸಬರೊಬ್ಬರು ಎದುರಾದಾಗ ತಾಯಿಯ ಕುಲ, ತಂದೆಯ ಕುಲ, ತಾಯಿಯ ತಂದೆಯ ಕುಲ, ತಂದೆಯ ತಂದೆಯ ಕುಲ ಎಂದು ನಾಲ್ಕನ್ನೂ ಕ್ರಮವಾಗಿ ಹೇಳಿ ಪರಿಚಯ ಮಾಡಿಕೊಳ್ಳುವುದು ಶಿಷ್ಟಾಚಾರ. ಎಲ್ಲಿಯಾದರೂ ಒಂದು ಕುಲ ಕೂಡಿಬಂದರೆ ಆ ಕ್ಷಣದಿಂದ ಆ ಅಪರಿಚಿತರು ಅಣ್ಣನೋ ಅಜ್ಜಿಯೋ ಆಗಿಬಿಡುತ್ತಾರೆ.

ಮಕ್ಕಳಿಗೆ ಬಲು ಹಿಡಿಸುವ ಪದ್ಧತಿಯೊಂದನ್ನು ಇಲ್ಲಿ ಹೇಳಲೇಬೇಕು. ಹುಟ್ಟಿದ ಕೂಸು ಮೂರು ತಿಂಗಳ ಸುಮಾರಿಗೆ ಮೊದಲ ಸಲ ದನಿ ತೆಗೆದು ನಕ್ಕಾಗ, ಅದನ್ನು ನಗಿಸಿದವರು ಯಾರೋ ಅವರೇ ಬಂಧುಗಳನ್ನೆಲ್ಲ ಕರೆದು ಔತಣ ಮಾಡಿಸಬೇಕು. ಔತಣಕ್ಕೆ ಯಜಮಾನ ಮಾತ್ರ ಕೂಸೇ. ಅದರ ಪುಟ್ಟ ಅಂಗೈಯಲ್ಲಿ ಕಲ್ಲುಪ್ಪಿನ ಹರಳುಗಳನ್ನಿಟ್ಟು, ಬಂದ ಅತಿಥಿಗಳಿಗೆ ಒಬ್ಬೊಬ್ಬರಿಗೂ ಊಟದ ಜೊತೆಗೆ ಅದರ ಕೈಯಿಂದಲೇ ಉಪ್ಪನ್ನು ಕೊಡಿಸುತ್ತಾರೆ. ಬಾಳಿನ ಮೊದಲ ಕಾರ್ಯ ದಾನವಾದರೆ ಮಗು ಉದಾರಿಯಾಗಿ ಬೆಳೆಯುವುದೆಂದು ಅವರ ಎಣಿಕೆ. ಮಾತು ಬಾರದ ಶಿಶುವಿಗೆ ಕೊಡುವ ಗುಣವನ್ನು ಹೀಗೆ ಹಬ್ಬವನ್ನಾಗಿ ಕಲಿಸುವ ಪದ್ಧತಿ ನನ್ನ ಮನಸ್ಸನ್ನು ಬಹಳವಾಗಿ ಸೆಳೆದಿದೆ.

ಕುರಿ ಈ ನಾಡಿಗೆ ಬಂದದ್ದು ಸ್ಪೇನಿನವರ ಜೊತೆಯಲ್ಲಿ, ಹದಿನಾರನೆಯ ಶತಮಾನದ ಕೊನೆಗೆ. ಉದ್ದನೆಯ, ಜಿಡ್ಡು ಕಡಿಮೆಯಾದ ಉಣ್ಣೆಯ ಚುರೋ ಎಂಬ ಆ ತಳಿ, ನೀರು ದುರ್ಲಭವಾದ ಸೀಮೆಗೆ ಹೇಳಿಮಾಡಿಸಿದಂತಿತ್ತು. ಕೆಲವು ತಲೆಮಾರುಗಳಲ್ಲಿ ಕುರಿಯಿಲ್ಲದ ಬಾಳನ್ನು ನವಾಹೋ ಜನ ಊಹಿಸಲಾರದಂತಾದರು. ಮಕ್ಕಳಿಗೂ ಅವರದೇ ಮರಿಗಳನ್ನು ಕೊಟ್ಟು, ಮೇಯಿಸುವ ಹೊಣೆಯನ್ನೂ ಹೊರಿಸುತ್ತಿದ್ದರು. ಆ ಉಣ್ಣೆಯಿಂದ ಹೆಂಗಸರು ನೇಯ್ದ ಕಂಬಳಿ ಜಗತ್ಪ್ರಸಿದ್ಧವಾಯಿತು. ನೇಯುವವಳು ಉಣ್ಣೆಯನ್ನು ಬಾಚಿ, ಕದಿರನ್ನು ತೊಡೆಯ ಮೇಲೆ ಉರುಳಿಸುತ್ತ ನೂತು, ಅಕ್ರೋಟಿನ ಸಿಪ್ಪೆಯಿಂದ ಕಂದನ್ನೂ ಕಾಡುಹೂಗಳಿಂದ ಹಳದಿಯನ್ನೂ ಕಾಸಿ ಬಣ್ಣ ಕಟ್ಟಿ, ನೆಟ್ಟಗೆ ನಿಂತ ಮಗ್ಗದ ಮುಂದೆ ನೆಲದ ಮೇಲೆ ಕುಳಿತು, ಹಾಸಿನ ಎಳೆಗಳ ನಡುವೆ ಹೊಕ್ಕನ್ನು ಬೆರಳುಗಳಿಂದ ತೂರಿಸಿ, ಮರದ ಹಣಿಗೆಯಿಂದ ಕುಟ್ಟಿ ಕುಟ್ಟಿ ಬಿಗಿಮಾಡುತ್ತಾಳೆ. ಕಾಗದದ ಮೇಲೆ ಬರೆದ ನಕ್ಷೆಯಿಲ್ಲ. ವಿನ್ಯಾಸವೆಲ್ಲ ಅವಳ ಮನಸ್ಸಿನಲ್ಲಿ. ಕೆಂಪು ಬೇಕಾದಾಗ ಪರದೇಶದ ಕೆಂಪು ಬಟ್ಟೆಯನ್ನು ವ್ಯಾಪಾರದಲ್ಲಿ ಕೊಂಡು ಎಳೆ ಬಿಡಿಸಿ ಬಳಸುತ್ತಿದ್ದ ಕಾಲವೊಂದಿತ್ತು. ಆ ಬಟ್ಟೆಗಳಲ್ಲಿ ಕೆಲವಕ್ಕೆ ಹಾಕಿದ್ದ ಬಣ್ಣ ನಮ್ಮ ಕಡೆಯ ಅರಗಿನದು ಎಂಬುದು ನೆನಪಿಡತಕ್ಕ ಸಂಗತಿ. ಈ ವಿದ್ಯೆಯನ್ನು ಕಲಿಸಿದವಳು ಜೇಡತಾಯಿ ಎಂಬ ದೇವತೆಯೆಂದು ಅವರ ನಂಬಿಕೆ. ಆಕಾಶ ಮತ್ತು ಭೂಮಿಯ ಹುರಿಗಳಿಂದ ಮೊದಲ ಮಗ್ಗವನ್ನು ಕಟ್ಟಿಸಿದ ಆಕೆಯ ವಾಸಸ್ಥಾನ, ಕ್ಯಾನ್ಯನ್ ಡಿ ಶೇ ಕಮರಿಯಲ್ಲಿ ಸುಮಾರು 800 ಅಡಿ ಎತ್ತರಕ್ಕೆ ಕಂಬದಂತೆ ಎದ್ದು ನಿಂತ ಸ್ಪೈಡರ್ ರಾಕ್ ಎಂಬ ಬಂಡೆ. ದಾರವನ್ನು ಬೆರಳುಗಳಿಗೆ ಸಿಕ್ಕಿಸಿ ನಕ್ಷತ್ರ ಮೊದಲಾದ ಆಕೃತಿಗಳನ್ನು ಮಾಡುವ, ಜೇಡದಿಂದಲೇ ಬಂದುದೆನ್ನುವ ಆಟವನ್ನೂ ಮಕ್ಕಳು ಆಡುತ್ತಾರೆ. ಆದರೆ ಜೇಡಗಳು ಮಲಗಿರುವ ಚಳಿಗಾಲದಲ್ಲಿ ಮಾತ್ರ.

ಇನ್ನು ದುಃಖದ ಭಾಗ. ಸ್ಪೇನಿನವರ ಕಾಲದಿಂದಲೂ ಆ ಸೀಮೆಯಲ್ಲಿ ಕುರಿಕುದುರೆಗಳಿಗಾಗಿಯೂ, ಮನುಷ್ಯರನ್ನು ಹಿಡಿದು ಗುಲಾಮರನ್ನಾಗಿ ಮಾಡುವುದಕ್ಕಾಗಿಯೂ ಹೊರಗಿನಿಂದ ಬಂದು ನೆಲಸಿದವರೂ ನವಾಹೋ ಜನರೂ ಪರಸ್ಪರ ದಾಳಿಮಾಡುತ್ತಿದ್ದರು. 1846ರಲ್ಲಿ ಆ ಪ್ರಾಂತವನ್ನು ಆಕ್ರಮಿಸಿದ ಅಮೆರಿಕದ ಸೇನೆ ಇದನ್ನು ಕೊನೆಗಾಣಿಸುವ ನೆಪದಲ್ಲಿ ಒಂದು ಜನಾಂಗವನ್ನೇ ಬುಡಸಮೇತ ಕಿತ್ತುಹಾಕಲು ನಿಶ್ಚಯಿಸಿತು. ಜನರಲ್ ಜೇಮ್ಸ್ ಕಾರ್ಲ್‌ಟನ್ನನ ಆಜ್ಞೆಯಂತೆ 1863ರಲ್ಲಿ ಕಿಟ್ ಕಾರ್ಸನ್ ಎಂಬವನು ಸೈನ್ಯದೊಡನೆ ಬಂದು, ಹೊಲದಲ್ಲಿ ನಿಂತ ಜೋಳವನ್ನು ಸುಡಿಸಿದನು, ಕುರಿಗಳನ್ನು ಕೊಲ್ಲಿಸಿದನು. ಕ್ಯಾನ್ಯನ್ ಡಿ ಶೇ ಕಮರಿಯೊಳಗೆ ತಲೆಮಾರುಗಳಿಂದ ಸಾಕಿ ಬೆಳೆಸಿದ್ದ ಪೀಚ್ ಹಣ್ಣಿನ ಸಾವಿರಾರು ಮರಗಳನ್ನು ಮರುವರ್ಷ ಸೈನಿಕರು ಕಡಿದುಹಾಕಿದರು. ಹಸಿವಿನಿಂದ ಶರಣಾಗತರಾದವರನ್ನು 1864ರಲ್ಲಿ ತಂಡತಂಡವಾಗಿ, ಮುದುಕರು, ಬಸುರಿಯರು, ಎಳೆಯ ಮಕ್ಕಳು ಎಂಬ ಭೇದವಿಲ್ಲದೆ, ಚಳಿಯಲ್ಲಿ ಮುನ್ನೂರು ಮೈಲಿಗಳಷ್ಟು ದೂರ ನಡೆಸಿಕೊಂಡು ಹೋಗಿ, ಪೇಕೋಸ್ ನದಿಯ ದಂಡೆಯ ಬಾಸ್ಕ್ ರಿಡಾಂಡೊ ಎಂಬಲ್ಲಿ ಕೂಡಿಹಾಕಿದರು. ಹಿಂದುಳಿದವರನ್ನು ಗುಂಡಿಕ್ಕಿ ಕೊಂದುದನ್ನು ಅವರ ಮೊಮ್ಮಕ್ಕಳ ಮಕ್ಕಳು ಇಂದಿಗೂ ಹೇಳುತ್ತಾರೆ. ನದಿಯ ನೀರು ಚವುಳು. ಬಿತ್ತಿದ ಜೋಳವನ್ನು ವರ್ಷವರ್ಷವೂ ಹುಳು ತಿಂದಿತು. ಸೌದೆಗಾಗಿ ಮೈಲಿಗಟ್ಟಲೆ ನಡೆದು ಬೇರು ಅಗೆದು ತರಬೇಕಾಯಿತು. ಎಂಟು ಸಾವಿರಕ್ಕೂ ಹೆಚ್ಚು ಜನ ಸೆರೆಯಾಗಿದ್ದ ಆ ಬಯಲಿನಲ್ಲಿ ನಾಲ್ಕು ವರ್ಷಗಳಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟು ಮಂದಿ ಮಡಿದರು.

1868ರ ಮೇ ತಿಂಗಳ ಕೊನೆಯಲ್ಲಿ ಸಂಧಾನಕ್ಕೆ ಬಂದವನು ಜನರಲ್ ಶರ್ಮನ್. ಸೋತವರ ಪರವಾಗಿ ಮಾತನಾಡಿದವನು ಬಾರ್ಬೊನ್ಸಿಟೊ ಎಂಬ ಹಿರಿಯ. ಅವನ ನುಡಿಯನ್ನು ಒಬ್ಬನು ಸ್ಪ್ಯಾನಿಷಿಗೂ, ಅದನ್ನು ಇನ್ನೊಬ್ಬನು ಇಂಗ್ಲಿಷಿಗೂ ತಿರುಗಿಸಿ ಹೇಳಬೇಕಾಗಿತ್ತು. ಪೂರ್ವಕ್ಕೆ, ಇಂದಿನ ಓಕ್ಲಹೋಮದ ಕಡೆಗೆ, ಹೋದರೆ ಫಲವತ್ತಾದ ಭೂಮಿ ಸಿಕ್ಕುವುದೆಂದು ಶರ್ಮನ್ ಆಸೆ ತೋರಿಸಿದನು. ಬಾರ್ಬೊನ್ಸಿಟೊ ಒಪ್ಪಲಿಲ್ಲ. ತಮ್ಮ ಪೂರ್ವಿಕರಿಗೆ ವಿಧಿಸಿದ ಎಲ್ಲೆಯನ್ನು ಮೀರಿ ಬಂದುದರಿಂದಲೇ ಇಷ್ಟು ಸಾವು ಸಂಭವಿಸಿತೆಂದೂ, ತಮ್ಮ ಸ್ವಂತ ನಾಡನ್ನು ಬಿಟ್ಟು ಬೇರಾವ ನಾಡಿಗೂ ಕಳುಹಬಾರದೆಂದೂ ಬಿನ್ನವಿಸಿದನು. ಕೈಯಲ್ಲಿ ಆಯುಧವಿಲ್ಲದೆ, ಹೊಟ್ಟೆಗೆ ಹಿಟ್ಟಿಲ್ಲದೆ ನಿಂತ ಒಬ್ಬ ಸೆರೆಯಾಳು ವಿಜಯಶಾಲಿಯಾದ ಸೇನಾಪತಿಯ ಮನಸ್ಸನ್ನು ಮಾತಿನಿಂದ ತಿರುಗಿಸಿದ ಇಂಥ ಪ್ರಸಂಗ ಚರಿತ್ರೆಯಲ್ಲಿ ಹೆಚ್ಚಾಗಿ ಸಿಕ್ಕುವುದಿಲ್ಲ. ಜೂನ್ 1ರಂದು ಒಪ್ಪಂದವಾಯಿತು. ಹಿಂದಿನ ನಾಡಿನ ಒಂದು ಭಾಗ ಮಾತ್ರವೇ ಆದರೂ, ತಮ್ಮ ನೆಲವೇ ಅವರಿಗೆ ಮರಳಿತು. ಜೂನ್ 18ರಂದು ಹೊರಟ ಜನರ ಸಾಲು ಹತ್ತು ಮೈಲಿ ಉದ್ದವಿತ್ತು. ಆಲ್ಬುಕರ್ಕಿಯ ಬಳಿ ದೂರದಲ್ಲಿ ಟೇಲರ್ ಪರ್ವತದ ತಲೆ ಕಂಡಾಗ, ಇದು ನಮ್ಮದೇ ಬೆಟ್ಟವೇ ಎಂದು ಬೆರಗಾದರೆಂದೂ, ಮನೆ ಸೇರಿದಾಗ ಮುದುಕರಲ್ಲಿ ಕೆಲವರು ಆನಂದದಿಂದ ಅತ್ತರೆಂದೂ 1866ರವರೆಗೂ ಸೆರೆಸಿಕ್ಕದೆ ಹೋರಾಡಿದ್ದ ಮನುಯೆಲಿಟೊ ಎಂಬ ನಾಯಕನು ಮುಂದೆ ನೆನೆಸಿಕೊಂಡನು. ಒಪ್ಪಂದದಂತೆ ಸರಕಾರ ಕೊಟ್ಟ 15,000 ಕುರಿಮೇಕೆಗಳಿಂದ ಅವರು ಬಾಳನ್ನು ಮೊದಲಿನಿಂದ ಕಟ್ಟಬೇಕಾಯಿತು.

ಅದೇ ಒಪ್ಪಂದದಲ್ಲಿ ಮಕ್ಕಳನ್ನು ಕಡ್ಡಾಯವಾಗಿ ಶಾಲೆಗೆ ಕಳುಹಬೇಕೆಂಬ ಷರತ್ತೂ ಇತ್ತು. ಮುಂದೆ ಬಂದ ವಸತಿಶಾಲೆಗಳಲ್ಲಿ ಮಕ್ಕಳ ಜಡೆ ಕತ್ತರಿಸಿ, ತಾಯ್ನುಡಿಯಾಡಿದರೆ ಶಿಕ್ಷಿಸುತ್ತಿದ್ದರು. ಹಾಗೆ ಬಾಯಿ ಮುಚ್ಚಿಸಿದ್ದ ಆ ನುಡಿಯನ್ನೇ ಎರಡನೆಯ ಮಹಾಯುದ್ಧ ನಡೆಯುತ್ತಿದ್ದ 1942ರಲ್ಲಿ ಅಮೆರಿಕದ ನೌಕಾಪದಾತಿ ದಳ ಕೈನೀಡಿ ಬೇಡಿತು. ಮೊದಲು ಸೇರಿದ 29 ಮಂದಿ ನವಾಹೋ ತರುಣರು ಟ್ಯಾಂಕಿಗೆ ಆಮೆ, ಕೈಬಾಂಬಿಗೆ ಆಲೂಗಡ್ಡೆ, ಜಲಾಂತರ್ಗಾಮಿಗೆ ಕಬ್ಬಿಣದ ಮೀನು ಎಂದು ತಮ್ಮ ಮಾತಿನಲ್ಲಿ ಗುಪ್ತಸಂಕೇತವೊಂದನ್ನು ರಚಿಸಿದರು. 1945ರ ಇವೊ ಜಿಮಾ ಕಾಳಗದಲ್ಲೂ, ಯುದ್ಧ ಮುಗಿಯುವವರೆಗೂ ಜಪಾನೀಯರಿಗೆ ಅದನ್ನು ಭೇದಿಸಲಾಗಲಿಲ್ಲ. ಯುದ್ಧ ಗೆದ್ದು ಮನೆಗೆ ಬಂದ ಈ ವೀರರಿಗೆ ಅರಿಜೋನ ಮತ್ತು ನ್ಯೂ ಮೆಕ್ಸಿಕೊಗಳಲ್ಲಿ ಮತದಾನದ ಹಕ್ಕು ದೊರೆತದ್ದು 1948ರಲ್ಲಿ. ಸಂಕೇತದ ಗುಟ್ಟನ್ನು ಬಯಲು ಮಾಡಲು ಅನುಮತಿ ದೊರೆತದ್ದು 1968ರಲ್ಲಿ. ಮೊದಲ 29 ಮಂದಿಗೆ ಚಿನ್ನದ ಪದಕದ ಗೌರವ ಸಂದದ್ದು 2001ರಲ್ಲಿ, ಅವರಲ್ಲಿ ಬಹುಮಂದಿ ತೀರಿಹೋದ ಮೇಲೆ. ಇಷ್ಟು ತಡವಾದುದು ನ್ಯಾಯವಲ್ಲ. 1968ರಲ್ಲೇ ಸ್ಥಾಪಿತವಾದ, ಇಂದು ದಿನೆ ಕಾಲೇಜ್ ಎಂಬ ಹೆಸರಿನ ವಿದ್ಯಾಸಂಸ್ಥೆಯಲ್ಲಿ, ಆ ನುಡಿಯನ್ನು ಅವರೇ ತಮ್ಮ ಮಕ್ಕಳಿಗೆ ಕಲಿಸುತ್ತಿದ್ದಾರೆ.

ಈ ನಾಡಿಗೆ ಹೋಗುವ ಮಕ್ಕಳು ಕ್ಯಾನ್ಯನ್ ಡಿ ಶೇ ಕಮರಿಯನ್ನು ತಪ್ಪದೆ ನೋಡಬೇಕು. 1931ರಿಂದ ಅದು ರಾಷ್ಟ್ರೀಯ ಸ್ಮಾರಕವಾದರೂ, ನೆಲ ನವಾಹೋ ಜನರದೇ. ಕೆಳಗೆ ಕೆಲವು ಕುಟುಂಬಗಳು ಇಂದಿಗೂ ಬೇಸಾಯ ಮಾಡುತ್ತವೆ, ಆದ್ದರಿಂದ ಕಮರಿಯ ತಳಕ್ಕೆ ಇಳಿಯಬೇಕಾದರೆ ಸಾಮಾನ್ಯವಾಗಿ ನವಾಹೋ ಮಾರ್ಗದರ್ಶಕರೊಬ್ಬರು ಜೊತೆಗಿರಬೇಕು. ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು. ಕರೆಯದೆ ಹೋಗನ್ ಒಳಗೆ ಕಾಲಿಡಬಾರದು. ಕಂಬಳಿ ಕೊಳ್ಳುವ ತಂದೆತಾಯಿಗಳು, ಸಾಧ್ಯವಾದರೆ, ನೇಯ್ದವರಿಂದಲೇ ಕೊಳ್ಳಲಿ, ಬೆಲೆಯನ್ನು ಚೌಕಾಸಿ ಮಾಡದಿರಲಿ. ಫೀನಿಕ್ಸಿನಿಂದ ಹೊರಡುವವರು ಇನ್ನೊಂದನ್ನು ಗಮನಿಸಬೇಕು: ಬೇಸಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ಪದ್ಧತಿ ಅರಿಜೋನದ ಉಳಿದೆಡೆ ಇಲ್ಲ, ನವಾಹೋ ನಾಡಿನಲ್ಲಿ ಉಂಟು, ಮಾರ್ಗದರ್ಶಕರನ್ನು ಬೆಳಿಗ್ಗೆ ಒಂಬತ್ತಕ್ಕೆ ಕಾಣುವುದಾಗಿ ಹೇಳಿದ್ದರೆ, ನಿಮ್ಮ ಕೈಗಡಿಯಾರದಲ್ಲಿ ಎಂಟಾಗುವಷ್ಟರಲ್ಲಿ ಅಲ್ಲಿರಬೇಕು.