ಓದಲು ಮನೆ ಬಿಟ್ಟ ವಿಶ್ವೇಶ್ವರಯ್ಯ

ಸೆಪ್ಟೆಂಬರ್ 15 ಎಂಜಿನಿಯರುಗಳ ದಿನ. ಅಂದು ಪತ್ರಿಕೆಗಳಲ್ಲಿ ಮೈಸೂರು ಪೇಟ ಧರಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರ ಬರುತ್ತದೆ, ಜೊತೆಗೆ ಕನ್ನಂಬಾಡಿ ಅಣೆಕಟ್ಟಿನ ಚಿತ್ರವೂ ಇರುತ್ತದೆ. ವಾಣಿಜ್ಯ ವಿಭಾಗದ ನಾವು ಆ ದಿನವನ್ನು ವಿಜ್ಞಾನ ವಿಭಾಗದವರಿಗೆ ಬಿಟ್ಟುಕೊಟ್ಟು ಸುಮ್ಮನಿರುತ್ತೇವೆ. ನಾನು ಇಲ್ಲಿ ಬರೆಯುತ್ತಿರುವುದು ಅಣೆಕಟ್ಟಿಗೆ ಬಹಳ ಮುಂಚಿನ ಕಥೆ. ಓದುವುದಕ್ಕಾಗಿ ಮನೆ ಬಿಟ್ಟು ಹೋದ ಒಬ್ಬ ಹುಡುಗನ ಕಥೆ. ಈ ವರ್ಷ ಹಾಸ್ಟೆಲ್ ಸೇರಿದ ಪ್ರಥಮ ಪಿಯುಸಿಯ ಗೆಳೆಯ ಗೆಳತಿಯರು ಇದನ್ನು ಓದಬೇಕೆಂಬುದು ನನ್ನ ಆಸೆ.

ವಿಶ್ವೇಶ್ವರಯ್ಯನವರು 1861ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಹೆಸರಿನ ಮುಂದಿರುವ ಮೋಕ್ಷಗುಂಡಂ ಎಂಬುದು ಈಗಿನ ಆಂಧ್ರಪ್ರದೇಶದ ಒಂದು ಊರು. ಅವರ ಹಿರಿಯರು ಅಲ್ಲಿಂದ ಬಂದವರು. ಹಾಗಾಗಿ ಮನೆಯ ಮಾತು ತೆಲುಗು. ಊರಿನಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್, ಆಮೇಲೆ ಪುಣೆಯಲ್ಲಿ ಸುತ್ತಲೂ ಮರಾಠಿ.

ಇದನ್ನು ಓದಿದಾಗ ನನಗೆ ಅವರು ಸ್ವಲ್ಪ ಹತ್ತಿರದವರಾದರು. ನನ್ನ ಊರು ಕಡಬ ತಾಲೂಕಿನ ಇಚಿಲಂಪಾಡಿ. ಮನೆಯೊಳಗೆ ನಾವು ಉರ್ದು ಮಾತಾಡುತ್ತೇವೆ. ಅಂಗಳ ದಾಟಿದರೆ ತುಳು, ಅಂಗಡಿಯಲ್ಲಿ ಬ್ಯಾರಿ, ರಬ್ಬರ್ ತೋಟದವರ ಜೊತೆ ಮಲಯಾಳಂ, ಶಾಲೆಯಲ್ಲಿ ಕನ್ನಡ. ಕಾಲೇಜಿಗೆ ಬಂದ ಮೇಲೆ ಲೆಕ್ಕಶಾಸ್ತ್ರದ ಪುಸ್ತಕ ಇಂಗ್ಲಿಷಿನಲ್ಲಿ. ಮನೆಯ ಮಾತು ಒಂದು, ಪುಸ್ತಕದ ಮಾತು ಇನ್ನೊಂದು ಆದವರು ನಾವೇ ಮೊದಲಿಗರಲ್ಲ ಎಂದು ತಿಳಿದರೆ ಧೈರ್ಯ ಬರುತ್ತದೆ.

ವಿಶ್ವೇಶ್ವರಯ್ಯನವರು ಇನ್ನೂ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿದ ಮೇಲೆ ಮುಂದಿನ ಓದಿಗೆ ಬೆಂಗಳೂರಿಗೆ ಹೋಗಬೇಕಾಯಿತು. ದೂರ ಸುಮಾರು 60 ಕಿಲೋಮೀಟರ್. ಈಗ ಅದು ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಆಗ ಚಿಕ್ಕಬಳ್ಳಾಪುರಕ್ಕೆ ರೈಲೂ ಇರಲಿಲ್ಲ. ಮನಸ್ಸಾದಾಗ ಅಮ್ಮನನ್ನು ನೋಡಿ ಬರುವ ಮಾತೇ ಇಲ್ಲ, ಫೋನಂತೂ ಇಲ್ಲವೇ ಇಲ್ಲ.

ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರಿದ್ದರು. ನಮ್ಮ ಮನೆಯ ಮಾತಿನಲ್ಲಿ ಹೇಳುವುದಾದರೆ ಮಾಮು. ಅವರ ಆಸರೆ ಇತ್ತು, ಆದರೆ ಕಾಲೇಜಿನ ಖರ್ಚಿಗೆ ಅದಷ್ಟೇ ಸಾಲದು. ಸೆಂಟ್ರಲ್ ಕಾಲೇಜು ಸೇರಿದ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬ ಕೊಡವ ಅಧಿಕಾರಿಯ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿಡಿದರು. ಇರುವುದು ಆ ಮನೆಯಲ್ಲಿ, ಊಟಕ್ಕೆ ಮಾವನ ಮನೆಗೆ ನಡಿಗೆ, ನಡುವೆ ಕಾಲೇಜು. ತಾನು ಓದಬೇಕು, ಇನ್ನೊಬ್ಬರ ಮಕ್ಕಳನ್ನೂ ಓದಿಸಬೇಕು. ಹೊತ್ತನ್ನು ಗಂಟೆ ಗಂಟೆಗೆ ಹಂಚಿಕೊಳ್ಳದೆ ಇಷ್ಟೆಲ್ಲ ಆಗುವುದಿಲ್ಲ. ಸಮಯಪಾಲನೆ ಎಂದರೆ ವಿಶ್ವೇಶ್ವರಯ್ಯ ಎಂದು ಈಗಲೂ ಹೇಳುತ್ತಾರೆ. ಅದು ಅವರಿಗೆ ಹುದ್ದೆಯಿಂದ ಬಂದ ಗುಣವಲ್ಲ, ಈ ಮನೆಪಾಠದ ದಿನಗಳಲ್ಲೇ ಬೇರೂರಿರಬೇಕು ಎಂದು ನನಗೆ ಅನಿಸುತ್ತದೆ.

ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಈ ಹುಡುಗನನ್ನು ಗಮನಿಸಿದರು. ಗಣಿತದಲ್ಲಿ ಮುಂದಿದ್ದ ಅವನಿಗೆ ಒಂದು ವೆಬ್‌ಸ್ಟರ್ ನಿಘಂಟನ್ನು ಉಡುಗೊರೆಯಾಗಿ ಕೊಟ್ಟರು. 1881ರಲ್ಲಿ ವಿಶ್ವೇಶ್ವರಯ್ಯನವರು ಬಿ.ಎ. ಪಾಸಾದರು. ಆ ಪದವಿ ಮದ್ರಾಸ್ ವಿಶ್ವವಿದ್ಯಾಲಯದ್ದು, ಏಕೆಂದರೆ ಮೈಸೂರು ಸಂಸ್ಥಾನಕ್ಕೆ ಆಗ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ. ಎಂಜಿನಿಯರಿಂಗ್ ಓದಲು ಕಾಲೇಜೂ ಇರಲಿಲ್ಲ. ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಸರ್ಕಾರ ಅವರಿಗೆ ವಿದ್ಯಾರ್ಥಿವೇತನ ಕೊಟ್ಟು ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಕಳುಹಿಸಿತು.

ಪುಣೆ ಎಂದರೆ ಬೆಂಗಳೂರಿನಿಂದ 800 ಕಿಲೋಮೀಟರಿಗೂ ಹೆಚ್ಚು ದೂರ. ಎರಡೂ ಊರುಗಳ ನಡುವೆ ಆಗ ನೇರ ರೈಲು ಇರಲಿಲ್ಲ. ಮಾವನ ಮನೆಯ ಊಟವೂ ಇಲ್ಲ, ತಿಳಿದ ಭಾಷೆಯೂ ಇಲ್ಲ. ಬೇರೆಯವರ ಹಣದಲ್ಲಿ ಓದುತ್ತಿದ್ದೇನೆ ಎಂಬ ಭಾರ ಬೇರೆ. 1883ರ ಪರೀಕ್ಷೆಯಲ್ಲಿ ಅವರು ಮೊದಲ ಸ್ಥಾನ ಪಡೆದರು, ಜೇಮ್ಸ್ ಬರ್ಕ್ಲಿ ಬಹುಮಾನವೂ ಬಂತು. 1884ರಲ್ಲಿ ಬೊಂಬಾಯಿ ಸರ್ಕಾರ ಅವರನ್ನು ಸಹಾಯಕ ಎಂಜಿನಿಯರ್ ಆಗಿ ನಾಸಿಕಕ್ಕೆ ನೇಮಿಸಿತು.

ಮುಂದಿನದು ಬಹಳ ಜನರಿಗೆ ಗೊತ್ತಿರುವ ಕಥೆ. ಸಿಂಧೂ ನದಿಯ ದಡದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು, ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾನಾಗಿ ತೆರೆದುಕೊಳ್ಳುವ ಬಾಗಿಲುಗಳು, ಸಮುದ್ರದಾಚೆ ಏಡನ್ ನಗರದ ನೀರು ಮತ್ತು ಚರಂಡಿಯ ಯೋಜನೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತಾಗ ನಿಜಾಮರ ಸರ್ಕಾರ ಇವರನ್ನೇ ಕರೆಸಿತು. ಇವರು ಕೊಟ್ಟ ಸಲಹೆಯಂತೆ ನಗರದ ಮೇಲ್ಭಾಗದಲ್ಲಿ ಕಟ್ಟಿದ ಜಲಾಶಯಗಳೇ ಉಸ್ಮಾನ್ ಸಾಗರ್ ಮತ್ತು ಹಿಮಾಯತ್ ಸಾಗರ್.

1909ರಲ್ಲಿ ಅವರು ಮುಖ್ಯ ಎಂಜಿನಿಯರ್ ಆಗಿ ಮೈಸೂರಿಗೆ ಮರಳಿದರು. ಪುಣೆಗೆ ಹೊರಟು 28 ವರ್ಷ ಕಳೆದಿತ್ತು. 1912ರಿಂದ 1918ರವರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದರು. ಆ ವರ್ಷಗಳ ಪಟ್ಟಿಯನ್ನು ವಾಣಿಜ್ಯ ವಿದ್ಯಾರ್ಥಿಯ ಕಣ್ಣಿನಿಂದ ನೋಡಿ. 1913ರಲ್ಲಿ ಮೈಸೂರು ಬ್ಯಾಂಕ್. 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನೊಂದಿಗೆ ಸೇರಿಹೋದದ್ದು ಅದೇ ಬ್ಯಾಂಕು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಮತ್ತು ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು.

ಕೊನೆಯ ಎರಡನ್ನು ಇನ್ನೊಮ್ಮೆ ಓದಿ. ಊರಿನಲ್ಲಿ ವಿಶ್ವವಿದ್ಯಾಲಯ ಇಲ್ಲದೆ ಮದ್ರಾಸಿನ ಪದವಿ ಪಡೆದವರು ಮೈಸೂರಿನಲ್ಲಿ ವಿಶ್ವವಿದ್ಯಾಲಯ ಬರುವಂತೆ ಮಾಡಿದರು. ಎಂಜಿನಿಯರಿಂಗ್ ಕಾಲೇಜು ಇಲ್ಲದೆ ಪುಣೆಗೆ ಹೋದವರು ಬೆಂಗಳೂರಿನಲ್ಲಿ ಆ ಕಾಲೇಜು ಬರುವಂತೆ ಮಾಡಿದರು. ತಾನು ನಡೆದ ದೂರವನ್ನು ಹಿಂದೆ ಬರುವವರಿಗೆ ಕಡಿಮೆ ಮಾಡಿದರು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು.

ಪ್ರತಿಯೊಂದು ವ್ಯವಹಾರಕ್ಕೂ ಎರಡು ಮುಖಗಳಿವೆ ಎಂದು ಲೆಕ್ಕಶಾಸ್ತ್ರದ ಮೊದಲ ಪಾಠದಲ್ಲೇ ಕಲಿಯುತ್ತೇವೆ. ಒಬ್ಬರು ಕೊಡುತ್ತಾರೆ, ಒಬ್ಬರು ಪಡೆಯುತ್ತಾರೆ. ಜಮಾ, ಖರ್ಚು, ಬಾಕಿ, ವಸೂಲಿ ಎಲ್ಲವೂ ನಮ್ಮ ಮನೆಯ ಉರ್ದುವಿನಲ್ಲೂ ಇರುವ ಪದಗಳೇ. ಆ ಪದಗಳಲ್ಲಿ ವಿಶ್ವೇಶ್ವರಯ್ಯನವರ ವಿದ್ಯಾರ್ಥಿ ಜೀವನವನ್ನು ಬರೆದರೆ ಪಡೆದ ಕಡೆ ಮಾವನ ಊಟ, ಒಂದು ಕೊಡವ ಮನೆಯ ಆಸರೆ, ಒಬ್ಬ ಇಂಗ್ಲಿಷ್ ಗುರುವಿನ ನಿಘಂಟು, ಮೈಸೂರಿನ ಜನರ ತೆರಿಗೆಯಿಂದ ಬಂದ ವಿದ್ಯಾರ್ಥಿವೇತನ ಇವೆ. ಜಾತಿ, ಭಾಷೆ, ದೇಶ ಬೇರೆ ಬೇರೆಯಾದವರು ಕೊಟ್ಟದ್ದು. ಅವರು ಬಾಕಿ ಉಳಿಸಿಕೊಳ್ಳಲಿಲ್ಲ.

ನಮ್ಮ ಹಾಸ್ಟೆಲಿನಲ್ಲಿ ಕಳೆದ ವರ್ಷ ನನ್ನ ಕೋಣೆಯಲ್ಲಿದ್ದ ನಾಲ್ವರಲ್ಲಿ ಇಬ್ಬರು ದಸರಾ ರಜೆಗೆ ಮನೆಗೆ ಹೋದವರು ಮತ್ತೆ ಬರಲಿಲ್ಲ. ಒಬ್ಬರಿಗೆ ಮನೆಯ ನೆನಪು, ಇನ್ನೊಬ್ಬರಿಗೆ ಮನೆಯ ಕಷ್ಟ. ಇಬ್ಬರೂ ಚೆನ್ನಾಗಿ ಓದುತ್ತಿದ್ದರು. ನನ್ನ ತಂಗಿ ಈಗ ಹತ್ತನೇ ತರಗತಿ. ಮುಂದಿನ ವರ್ಷ ಅವಳನ್ನು ಇಷ್ಟು ದೂರ ಕಳುಹಿಸಬೇಕೇ ಬೇಡವೇ ಎಂದು ಮನೆಯಲ್ಲಿ ಇನ್ನೂ ಮಾತು ನಡೆಯುತ್ತಿದೆ. ಅಬ್ಬಾ ಒಪ್ಪಿದ್ದಾರೆ, ಅಮ್ಮಿ ಒಪ್ಪಿಲ್ಲ. ಅಮ್ಮಿಯ ಹೆದರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಬಸ್ಸು ಎರಡು ಸಲ ಬದಲಿಸಬೇಕು, ಮಳೆಗಾಲದಲ್ಲಿ ಕತ್ತಲು ಬೇಗ. ಆದರೆ ನಾನು ಈ ಮೊದಲ ವರ್ಷವನ್ನು ಹೇಗೆ ಕಳೆದೆ ಎಂಬುದನ್ನು ನೋಡಿಯೇ ಅವರು ಅವಳ ವಿಷಯ ತೀರ್ಮಾನಿಸುತ್ತಾರೆ ಎಂಬುದು ನನಗೆ ಗೊತ್ತು.

ಗೆಳೆಯರೇ, ನಿಮ್ಮ ಮನೆಯಲ್ಲೂ ನಿಮ್ಮ ಹಿಂದೆ ಒಬ್ಬ ತಮ್ಮನೋ ತಂಗಿಯೋ ಇರಬಹುದು. ಪಕ್ಕದ ಮನೆಯ ಹುಡುಗಿ ಇರಬಹುದು. ನಾವೆಲ್ಲ ವಿಶ್ವವಿದ್ಯಾಲಯ ಕಟ್ಟಲಾರೆವು. ಹೊಸದಾಗಿ ಬಂದವರಿಗೆ ಬಸ್ಸಿನ ಸಮಯ ಹೇಳಬಹುದು, ನಮ್ಮ ಹಳೆಯ ನೋಟ್ಸ್ ಕೊಡಬಹುದು, ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡಬಹುದು, ಅಳುತ್ತಿದ್ದರೆ ಜೊತೆಗೆ ಕೂತು ಊಟ ಮಾಡಬಹುದು. ಅಷ್ಟು ಮಾಡಿದರೂ ಅವರ ದಾರಿ ನಮ್ಮ ದಾರಿಗಿಂತ ಸ್ವಲ್ಪ ಚಿಕ್ಕದಾಗುತ್ತದೆ.