ಗಿಡಗಳ ಲೆಕ್ಕ ಬರೆದಿಟ್ಟ ಇಬ್ನ್ ಅಲ್-ಬೈತಾರ್

ನನ್ನ ಖಾಲಾ ಅವರಿಗೆ, ಅಂದರೆ ಅಮ್ಮಿಯ ತಂಗಿಗೆ, ಸೋರಿಯಾಸಿಸ್ ಇದೆ. ಮೊಣಕೈ, ಮೊಣಕಾಲುಗಳ ಮೇಲೆ ಚರ್ಮ ಕೆಂಪಾಗಿ ಹೊಟ್ಟು ಏಳುತ್ತದೆ. ಇದು ಅಂಟುರೋಗವಲ್ಲ. ಆದರೂ ಮದುವೆ ಊಟದಲ್ಲಿ ಕೆಲವರು ಅವರ ಪಕ್ಕ ಕೂರುವುದಿಲ್ಲ. ಕಳೆದ ಬೇಸಿಗೆಯಲ್ಲಿ ಯಾರದೋ ಮಾತು ಕೇಳಿ ಅವರು ಬಾವಂಚಿ ಬೀಜದ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕುಳಿತರು. ನಮ್ಮ ಮನೆಯಲ್ಲಿ ಇದನ್ನು ಬಾಬ್ಚಿ ಎನ್ನುತ್ತೇವೆ. ಎರಡು ದಿನದಲ್ಲಿ ಮೈಮೇಲೆ ಬೊಬ್ಬೆಗಳು ಎದ್ದವು. ಗಿಡದ ಔಷಧಿ ಹೀಗೇಕೆ ಸುಟ್ಟಿತು ಎಂದು ಹುಡುಕುವಾಗ ನನಗೆ ಸಿಕ್ಕ ಹೆಸರು ಇಬ್ನ್ ಅಲ್-ಬೈತಾರ್.

ಅವರು ಹುಟ್ಟಿದ್ದು 12ನೇ ಶತಮಾನದ ಕೊನೆಯಲ್ಲಿ, ಇಂದಿನ ಸ್ಪೇನ್ ದೇಶದ ಮಾಲಗಾದಲ್ಲಿ. ಅವರ ಹೆಸರಿನ ಅರ್ಥ ಪಶುವೈದ್ಯರ ಮಗ. ಸೆವಿಲ್ ನಗರದ ಸುತ್ತಮುತ್ತ ಗುರು ಅಬುಲ್ ಅಬ್ಬಾಸ್ ಅನ್-ನಬಾತಿಯವರ ಜೊತೆ ಅಲೆದು ಗಿಡಗಳನ್ನು ಗುರುತಿಸಲು ಕಲಿತರು. 1219ರ ಸುಮಾರಿಗೆ ಊರು ಬಿಟ್ಟು, ಉತ್ತರ ಆಫ್ರಿಕಾದ ಉದ್ದಕ್ಕೂ ಗಿಡ ಹುಡುಕುತ್ತಾ ಪೂರ್ವಕ್ಕೆ ಪ್ರಯಾಣ ಮಾಡಿದರು. ಈಜಿಪ್ಟ್‌ನಲ್ಲಿ ಸುಲ್ತಾನ್ ಅಲ್-ಕಾಮಿಲ್ ಅವರನ್ನು ಗಿಡಮೂಲಿಕೆ ತಜ್ಞರ ಮುಖ್ಯಸ್ಥರನ್ನಾಗಿ ನೇಮಿಸಿದರು. ದಮಾಸ್ಕಸ್ ಸುತ್ತ ಶಿಷ್ಯ ಇಬ್ನ್ ಅಬಿ ಉಸೈಬಿಯ ಅವರೊಂದಿಗೂ ಗಿಡ ಹುಡುಕಿದರು. ಯಾವ ಔಷಧಿಯ ಹೆಸರು ಬಂದರೂ, ಹಳೆಯ ಗ್ರೀಕ್ ಗ್ರಂಥದ ಎಷ್ಟನೇ ಅಧ್ಯಾಯದಲ್ಲಿ ಅದಿದೆ ಎಂದು ಗುರುಗಳು ಹೇಳುತ್ತಿದ್ದರೆಂದು ಈ ಶಿಷ್ಯ ಬರೆದಿದ್ದಾರೆ.

ಅವರ ದೊಡ್ಡ ಗ್ರಂಥದಲ್ಲಿ ಸುಮಾರು 1,400 ಔಷಧಿ ಮತ್ತು ಆಹಾರಗಳ ವಿವರ ಅಕ್ಷರಕ್ರಮದಲ್ಲಿದೆ. ಯಾವ ಮಾತನ್ನು ಯಾರು ಹೇಳಿದರು, ತಾನು ಕಂಡದ್ದು ಏನು ಎಂಬುದನ್ನೂ ಬರೆದಿದ್ದಾರೆ. ವೋಚರ್ ಇಲ್ಲದೆ ಎಂಟ್ರಿ ಬರೆಯಬಾರದು ಎಂದು ನಮಗೆ ಅಕೌಂಟೆನ್ಸಿ ತರಗತಿಯಲ್ಲಿ ಕಲಿಸುತ್ತಾರಲ್ಲ, ಹಾಗೆಯೇ.

ಅದರಲ್ಲಿ ಆತ್ರಿಲಾಲ್ ಎಂಬ ಗಿಡವಿದೆ. ಬರ್ಬರ್ ಭಾಷೆಯಲ್ಲಿ ಹಾಗೆಂದರೆ ಹಕ್ಕಿಯ ಕಾಲು. ಒಂದು ಬರ್ಬರ್ ಬುಡಕಟ್ಟು ಗುಟ್ಟಾಗಿಟ್ಟಿದ್ದ ತೊನ್ನಿನ ಔಷಧಿ ಇದು. ಬೀಜ ತಿನ್ನಿಸಿದರೆ ಸಾಲದು, ತೊನ್ನಿರುವ ಜಾಗವನ್ನು ಬಿಸಿಲಿಗೆ ಒಡ್ಡಬೇಕು ಎಂಬುದನ್ನೂ ಅವರು ದಾಖಲಿಸಿದರು. 1248ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡರು.

ಸುಮಾರು 700 ವರ್ಷಗಳ ನಂತರ, 1940ರ ದಶಕದಲ್ಲಿ, ಈಜಿಪ್ಟ್‌ನ ವಿಜ್ಞಾನಿಗಳು ಅದೇ ಗಿಡದಿಂದ ಮೆಥಾಕ್ಸಲೆನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ವೈದ್ಯ ಅಬ್ದುಲ್ ಮೊನೆಮ್ ಅಲ್-ಮುಫ್ತಿ ಅದನ್ನು ತೊನ್ನಿಗೆ ಬಳಸಿ ನೋಡಿದರು. 1974ರಲ್ಲಿ ಅಮೆರಿಕದ ವೈದ್ಯರು ಅದೇ ವಸ್ತುವನ್ನು ಕೊಟ್ಟು, ಅಳತೆಯ ನೇರಳಾತೀತ ಬೆಳಕು ಹಾಯಿಸಿದಾಗ ಸೋರಿಯಾಸಿಸ್ ಕಡಿಮೆಯಾಗುತ್ತದೆ ಎಂದು ಪ್ರಕಟಿಸಿದರು. ಬೆಳಕು ಬಿದ್ದಾಗ ಅದು ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಆಗ ಅತಿ ವೇಗವಾಗಿ ಬೆಳೆಯುವ ಚರ್ಮದ ಕೋಶಗಳಿಗೆ ತಡೆ ಬೀಳುತ್ತದೆ, ಉರಿಯೂತವೂ ಇಳಿಯುತ್ತದೆ. ಅಳತೆ ತಪ್ಪಿದರೆ ಚರ್ಮ ಸುಡುತ್ತದೆ. ಬಹಳ ಕಾಲ ಪಡೆದರೆ ಚರ್ಮದ ಕ್ಯಾನ್ಸರ್ ಅಪಾಯವೂ ಹೆಚ್ಚುತ್ತದೆ. ಬಾಬ್ಚಿಯಲ್ಲಿ ಇರುವುದೂ ಇದೇ ಜಾತಿಯ ಸೋರಾಲೆನ್. ಖಾಲಾ ಅವರ ಮೈ ಸುಟ್ಟದ್ದು ಏಕೆ ಎಂದು ಆಗ ಗೊತ್ತಾಯಿತು. ಗಿಡ ಸುಳ್ಳಾಗಿರಲಿಲ್ಲ, ಅಳತೆ ಇರಲಿಲ್ಲ.

ಈಗ ಖಾಲಾ ಚರ್ಮದ ಡಾಕ್ಟರ ಬಳಿ ಹೋಗುತ್ತಿದ್ದಾರೆ. ಎಣ್ಣೆ ಹಚ್ಚಿದ ವಿಷಯ ಹೇಳಲು ಮೊದಲ ದಿನ ನಾಚಿಕೊಂಡರು. ನಾನೇ ಹೇಳಿದೆ. ನಿಮ್ಮ ಮನೆಯಲ್ಲೂ ಯಾರಾದರೂ ಗಿಡಮೂಲಿಕೆ ಬಳಸುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಮುಂದಿನ ಮದುವೆಯಲ್ಲಿ ಸೋರಿಯಾಸಿಸ್ ಇರುವವರು ಕಂಡರೆ, ಅವರ ಪಕ್ಕದಲ್ಲೇ ಕುಳಿತು ಊಟ ಮಾಡಿ.