ಮಳೆನೀರನ್ನು ಲ್ಯಾಬಿಗೆ ತಂದ ರಾಬರ್ಟ್ ಆಂಗಸ್ ಸ್ಮಿತ್

ಗದಗದ ಪಾಂಚಾಳ ನಗರದಲ್ಲಿ ಗಾಳಿಯ ಗುಣಮಟ್ಟ ಅಳೆಯುವ ಸರ್ಕಾರಿ ಕೇಂದ್ರ ಇದೆ. ಅಲ್ಲಿಂದ ಬರುವ ಪಿಎಂ 2.5 ಸಂಖ್ಯೆ ಒಂದು ಘನ ಮೀಟರ್ ಗಾಳಿಯಲ್ಲಿ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳ ತೂಕ ಎಷ್ಟು ಅಂತ ಹೇಳುತ್ತದೆ, ಅಷ್ಟೇ. ಆ ಕಣ ಎರಿ ಹೊಲದ ಮಣ್ಣೋ, ಲಾರಿಯ ಹೊಗೆಯೋ, ಸುಟ್ಟ ಕಸವೋ ಅಂತ ತೂಕ ಹೇಳಲ್ಲ. ಅದು ಗೊತ್ತಾಗದೆ ಏನನ್ನು ನಿಲ್ಲಿಸಬೇಕು ಅಂತಾನೂ ಗೊತ್ತಾಗಲ್ಲ. ಗಾಳಿಯಲ್ಲಿ ಏನಿದೆ, ಎಲ್ಲಿಂದ ಬಂತು ಅನ್ನೋ ಈ ಎರಡು ಪ್ರಶ್ನೆಗಳನ್ನು ಮೊದಮೊದಲು ಸೀರಿಯಸ್ಸಾಗಿ ಕೇಳಿದವರಲ್ಲಿ ಒಬ್ಬರು ರಾಬರ್ಟ್ ಆಂಗಸ್ ಸ್ಮಿತ್.

ಸ್ಮಿತ್ ಹುಟ್ಟಿದ್ದು 1817ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ಹತ್ತಿರ. ಮನೆಯವರಿಗೆ ಮಗ ಪಾದ್ರಿ ಆಗಲಿ ಅಂತ ಆಸೆ. ಅವರು ಕೆಲ ಕಾಲ ಮನೆಪಾಠ ಹೇಳಿಕೊಂಡಿದ್ದು, ಆಮೇಲೆ ಜರ್ಮನಿಗೆ ಹೋಗಿ ಲೀಬಿಗ್ ಅವರ ಹತ್ತಿರ ಕೆಮಿಸ್ಟ್ರಿ ಕಲಿತರು. 1841ರಲ್ಲಿ ಡಾಕ್ಟರೇಟ್ ಸಿಕ್ಕಿತು. ಸ್ವಲ್ಪ ದಿನಗಳಲ್ಲೇ ಮ್ಯಾಂಚೆಸ್ಟರ್‌ಗೆ ಬಂದು ಲಯನ್ ಪ್ಲೇಫೇರ್ ಅವರಿಗೆ ಸಹಾಯಕರಾದರು.

ಮ್ಯಾಂಚೆಸ್ಟರ್ ನಮ್ಮ ಕಡೆಯವರಿಗೆ ಪೂರ್ತಿ ಹೊಸ ಹೆಸರೇನಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ, ಆ ಊರಿನ ಗಿರಣಿಗಳು ಭಾರತದ ಹತ್ತಿಗೆ ಕೈ ಚಾಚಿದವು. ಆಗಿನ ಧಾರವಾಡ ಜಿಲ್ಲೆಯ, ಅಂದರೆ ಗದಗ ಸೀಮೆಯದೂ ಸೇರಿ, ಹತ್ತಿಗೆ ಅಲ್ಲಿ ಬೇಡಿಕೆ ಇತ್ತು. ಹತ್ತಿಯನ್ನು ನೂಲು ಮಾಡುವ ಯಂತ್ರಗಳು ಓಡಿದ್ದು ಕಲ್ಲಿದ್ದಲಿನಿಂದ. ಊರಿನ ಮೇಲೆ ಯಾವಾಗಲೂ ಹೊಗೆ.

ಗಾಳಿಯನ್ನು ಹಿಡಿಯೋದು ಕಷ್ಟ. ಆದರೆ ಮಳೆ ಗಾಳಿಯನ್ನು ತೊಳೆದುಕೊಂಡೇ ಕೆಳಗೆ ಬರುತ್ತದಲ್ವಾ? ಹಾಗಾಗಿ ಸ್ಮಿತ್ ಮಳೆನೀರನ್ನು ಪರೀಕ್ಷೆ ಮಾಡಿದರು. 1852ರಲ್ಲಿ ಬಂದ ಅವರ ಲೇಖನದಲ್ಲಿ ಒಂದು ಸ್ಪಷ್ಟ ನಕ್ಷೆ ಸಿಗುತ್ತದೆ. ದೂರದ ಹೊಲಗಳ ಮೇಲೆ ಬಿದ್ದ ಮಳೆಯಲ್ಲಿ ಅಮೋನಿಯಂ ಕಾರ್ಬೊನೇಟ್, ಊರಂಚಿನಲ್ಲಿ ಅಮೋನಿಯಂ ಸಲ್ಫೇಟ್, ಊರೊಳಗೆ ಸಲ್ಫ್ಯೂರಿಕ್ ಆಸಿಡ್. ಊರಿಗೆ ಹತ್ತಿರವಾದಂತೆ ಮಳೆಯ ಕೆಮಿಸ್ಟ್ರಿ ಬದಲಾಗುತ್ತಿತ್ತು. ಕಾರಣ ಕಲ್ಲಿದ್ದಲಿನಲ್ಲಿದ್ದ ಗಂಧಕ.

ಮುಂದೆ ಬೇರೆ ಬೇರೆ ಕಡೆಯಿಂದ ಮಳೆನೀರು ತರಿಸಿ, ಕ್ಲೋರೈಡ್‌ಗೆ ಸಲ್ಫೇಟ್ ಎಷ್ಟು ಪಾಲು ಇದೆ ಅಂತ ಹೋಲಿಸಿದರು. ಕಡಲ ಉಪ್ಪಿನಿಂದ ಬಂದದ್ದಾದರೆ ಕ್ಲೋರೈಡ್ ಜಾಸ್ತಿ. ಒಳನಾಡಿನ ಊರುಗಳ ಕಡೆ ಬಂದಂತೆ ಸಲ್ಫೇಟ್ ಪಾಲು ಏರುತ್ತದೆ. ಅಂದರೆ ಎರಡು ವಸ್ತುಗಳ ಅನುಪಾತವೇ ಮೂಲದ ಗುರುತು. ಇವತ್ತು ಫಿಲ್ಟರ್ ಮೇಲೆ ಕೂತ ಕಣಗಳಲ್ಲಿ ಅಯಾನು, ಲೋಹ, ಇಂಗಾಲ ಅಳೆದು, ಕಂಪ್ಯೂಟರ್ ಮಾಡೆಲ್‌ಗೆ ಹಾಕಿ ಮೂಲಗಳನ್ನು ಬೇರ್ಪಡಿಸುತ್ತಾರೆ. ಅದರ ಹಿಂದಿರೋ ಯೋಚನೆಯೂ ಇದೇ.

ಕಣಗಳನ್ನೂ ಅವರು ಬಿಡಲಿಲ್ಲ. ಒಂದು ಬಾಟಲಿಯಲ್ಲಿ ಸ್ವಲ್ಪ ನೀರು ಹಾಕಿ, ಮತ್ತೆ ಮತ್ತೆ ಹೊಸ ಗಾಳಿ ತುಂಬಿ ಕುಲುಕಿದರು. 1868ರಲ್ಲಿ ಆ ನೀರನ್ನು ಜಾನ್ ಬೆಂಜಮಿನ್ ಡ್ಯಾನ್ಸರ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಲಕ್ಷಗಟ್ಟಲೆ ಶಿಲೀಂಧ್ರದ ಬೀಜಕಣಗಳು, ಸಸ್ಯದ ಚೂರುಗಳು, ಹತ್ತಿಯ ಎಳೆಗಳು ಕಂಡವು.

ಸ್ಮಿತ್ ಬರೀ ಲ್ಯಾಬಿನಲ್ಲೇ ಕೂತವರಲ್ಲ. ಆಗ ಸೋಡಾ ತಯಾರಿಸುವ ಕಾರ್ಖಾನೆಗಳು ಹೈಡ್ರೋಕ್ಲೋರಿಕ್ ಆಸಿಡ್ ಅನಿಲ ಬಿಟ್ಟು ಸುತ್ತಲಿನ ಬೆಳೆ, ಮರ ಸುಡುತ್ತಿದ್ದವು. 1863ರ ಆಲ್ಕಲಿ ಕಾಯ್ದೆ, ಈ ಅನಿಲದಲ್ಲಿ ಶೇ. 95ರಷ್ಟನ್ನು ಹಿಡಿಯಲೇಬೇಕು ಅಂದಿತು. ಅದರ ಮೊದಲ ಇನ್‌ಸ್ಪೆಕ್ಟರ್ ಸ್ಮಿತ್. ಅನಿಲವನ್ನು ಕೋಕ್ ತುಂಬಿದ ಗೋಪುರದಲ್ಲಿ ಹಾಯಿಸಿ ಮೇಲಿನಿಂದ ನೀರು ಬಿಟ್ಟರೆ ಆಸಿಡ್ ನೀರಿಗೆ ಇಳಿಯುತ್ತದೆ. ಕಾರ್ಖಾನೆಗಳು ಬೇಗ ಈ ಗುರಿ ಮುಟ್ಟಿದವು. ಆದರೂ ದೂರು ನಿಲ್ಲಲಿಲ್ಲ. ಕಾರ್ಖಾನೆಗಳ ಸಂಖ್ಯೆಯೇ ಬೆಳೆದರೆ ಉಳಿದ ಶೇ. 5 ಕೂಡ ದೊಡ್ಡದಾಗುತ್ತದೆ. ಅದಕ್ಕೇ 1874ರ ಕಾಯ್ದೆ, ಹೊರಬರುವ ಒಂದು ಘನ ಅಡಿ ಅನಿಲದಲ್ಲಿ ಆಸಿಡ್ 0.2 ಗ್ರೇನ್ ಮೀರಬಾರದು ಅಂತ ಇನ್ನೊಂದು ಮಿತಿ ಹಾಕಿತು. ಎಫಿಷಿಯೆನ್ಸಿ ಬೇರೆ, ಕಾನ್ಸಂಟ್ರೇಷನ್ ಬೇರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಮಾಲೀಕರನ್ನು ಕೋರ್ಟಿಗೆ ಎಳೆಯೋದಕ್ಕಿಂತ ತಿಳಿಹೇಳಿ ಸರಿಮಾಡಿಸೋದು ಅವರ ದಾರಿ. ಇದು ತುಂಬಾ ಮೆದುವಾಯ್ತು ಅಂತ ಟೀಕೆಯೂ ಬಂತು. ಕಲ್ಲಿದ್ದಲ ಹೊಗೆ ಅವರ ಅಧಿಕಾರದೊಳಗೇ ಇರಲಿಲ್ಲ. ಮಳೆಯನ್ನು ಆಮ್ಲ ಮಾಡುತ್ತಿದ್ದುದು ಮುಖ್ಯವಾಗಿ ಅದೇ ಅಂತ ಚೆನ್ನಾಗಿ ಗೊತ್ತಿದ್ದೂ ಅವರು ಅದನ್ನು ತಡೆಯುವಂತಿರಲಿಲ್ಲ. ಗೊತ್ತಿದ್ದನ್ನು 1872ರಲ್ಲಿ ಗಾಳಿ ಮತ್ತು ಮಳೆಯ ಬಗ್ಗೆ ದೊಡ್ಡ ಪುಸ್ತಕವಾಗಿ ಬರೆದಿಟ್ಟರು. ಆಮ್ಲ ಮಳೆ ಅನ್ನೋ ಮಾತು ಆ ಪುಸ್ತಕದಲ್ಲಿದೆ. 1884ರಲ್ಲಿ ತೀರಿಕೊಳ್ಳುವವರೆಗೂ ಅವರು ಅದೇ ಹುದ್ದೆಯಲ್ಲಿದ್ದರು. ಆಮ್ಲ ಮಳೆಯ ಬಗ್ಗೆ ದೇಶದೇಶಗಳು ಚರ್ಚೆಗೆ ಕೂತಿದ್ದು ಸುಮಾರು ನೂರು ವರ್ಷ ಆದಮೇಲೆ.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಬೇಸಿಗೆಯಲ್ಲಿ ಧೂಳು ಎದ್ದಾಗ ಮಣ್ಣಿಗೇ ಬೈದು ಸುಮ್ಮನಾಗೋದು ಸುಲಭ. ಅದರಲ್ಲಿ ಮಣ್ಣೆಷ್ಟು, ಮಸಿ ಎಷ್ಟು, ಸಲ್ಫೇಟ್ ಎಷ್ಟು ಅಂತ ಬಿಡಿಸಿ ನೋಡಲು ಇವತ್ತು ಸ್ಮಿತ್ ಹತ್ತಿರ ಇದ್ದದ್ದಕ್ಕಿಂತ ಎಷ್ಟೋ ಒಳ್ಳೆ ಉಪಕರಣಗಳಿವೆ. ಕೆಮಿಸ್ಟ್ರಿ, ಸಿವಿಲ್, ಕಂಪ್ಯೂಟರ್ ಮೂರೂ ಸೇರಿ ಮಾಡಬಹುದಾದ ಕೆಲಸ ಇದು. ಪ್ರಾಜೆಕ್ಟ್ ಹುಡುಕುತ್ತಿರುವವರು ಈ ಮುಂಗಾರಿನ ಮೊದಲ ಮಳೆಯಿಂದಲೇ ಶುರು ಮಾಡಬಹುದು.